ಗಿರಾಕಿ ಮೊದಲು, ತಳಿ ಆಮೇಲೆ

(ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಕನ್ನಡ ಊರುಗಳ ದ್ರಾಕ್ಷಿ ಬೆಳೆಗಾರರ ಎದುರು ಆಡಿದ ಮಾತುಗಳ ಬರಹ ರೂಪ)

ಈ ಭಾಗದ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ವೈನ್ ದ್ರಾಕ್ಷಿ ಹಚ್ಚಬೇಕು ಅಂತಿದ್ದೀವಿ, ಯಾವ ತಳಿ ಹಚ್ಚಲಿ? ಶಿರಾಝ್ ಹಚ್ಚಲಾ, ಕ್ಯಾಬರ್ನೆ ಹಚ್ಚಲಾ, ಬಿಳಿ ತಳಿ ಹಚ್ಚಲಾ? ನಾನು ಅದಕ್ಕೆ ಉತ್ತರ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನ ಹಣ್ಣು ತಗೊಳ್ಳೋರು ಯಾರು? ಹೆಸರು ಹೇಳು, ಅವರ ಕಾರ್ಖಾನೆ ಎಲ್ಲಿದೆ ಹೇಳು, ಕಾಗದ ಆಗಿದೆಯಾ ಹೇಳು. ಅದಕ್ಕೆ ಉತ್ತರ ಇದ್ದರೆ ತಳಿಯ ಮಾತು ಹತ್ತು ನಿಮಿಷದ್ದು. ಉತ್ತರ ಇಲ್ಲ ಅಂದರೆ ತಳಿಯ ಮಾತೇ ಬೇಡ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ನಾವು ಇಲ್ಲಿ ಬೆಳೆದು ರೂಢಿಯಾದ ದ್ರಾಕ್ಷಿಗೂ ಈ ದ್ರಾಕ್ಷಿಗೂ ಒಂದು ಮೂಲ ವ್ಯತ್ಯಾಸ ಇದೆ. ನಿಮ್ಮ ದ್ರಾಕ್ಷಿ ಪಡದಲ್ಲಿ ಥಾಮ್ಸನ್ ಇದೆ, ಸೋನಾಕಾ ಇದೆ, ಮಾಣಿಕ್ ಚಮನ್ ಇದೆ, ಎಲ್ಲ ಬೀಜ ಇಲ್ಲದ ತಿನ್ನುವ ತಳಿಗಳು. ಫೆಬ್ರುವರಿಯಲ್ಲಿ ವ್ಯಾಪಾರಿ ಬಂದು ದರ ಇಳಿಸಿದ ಅಂದುಕೊಳ್ಳಿ. ನೀವು ಏನು ಮಾಡುತ್ತೀರಿ? ಹೋಗಪ್ಪ ಅಂತೀರಿ. ಹಣ್ಣನ್ನು ಇನ್ನೊಂದಿಷ್ಟು ದಿನ ಬಳ್ಳಿಯಲ್ಲೇ ಬಿಟ್ಟು, ಸಿಹಿ ಏರಿದ ಮೇಲೆ ಕಿತ್ತು, ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೋನೇಟ್ ನೀರಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಬೇದಾಣೆ, ಅಂದರೆ ಒಣದ್ರಾಕ್ಷಿ, ಮಾಡುತ್ತೀರಿ. ನಾಲ್ಕು ಕಿಲೋ ಹಣ್ಣಿಗೆ ಹತ್ತಿರ ಹತ್ತಿರ ಒಂದು ಕಿಲೋ ಬೇದಾಣೆ. ತಾಸಗಾಂವ್, ಸಾಂಗ್ಲಿ, ಪಂಢರಪುರ, ವಿಜಯಪುರ, ಎಲ್ಲಿ ದರ ಚೆನ್ನಾಗಿದೆಯೋ ಅಲ್ಲಿಗೆ ಒಯ್ಯುತ್ತೀರಿ. ಬೇಡವೆಂದರೆ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು ದೀಪಾವಳಿವರೆಗೆ ಕಾಯುತ್ತೀರಿ. ಅಂದರೆ ನಿಮಗೆ ಎರಡನೇ ಬಾಗಿಲು ಇದೆ. ಈ ಮಳೆ ಇಲ್ಲದ ಸೀಮೆಯಲ್ಲಿ ದ್ರಾಕ್ಷಿ ಉಳಿದುಕೊಂಡಿದ್ದಕ್ಕೆ ಆ ಬಾಗಿಲೂ ಒಂದು ದೊಡ್ಡ ಕಾರಣ.

ವೈನ್ ದ್ರಾಕ್ಷಿಗೆ ಆ ಬಾಗಿಲು ಇಲ್ಲ. ಕಾಳು ಸಣ್ಣದು, ಒಂದೋ ಒಂದೂವರೆಯೋ ಗ್ರಾಂ. ಒಳಗೆ ಬೀಜ. ಸಿಪ್ಪೆ ದಪ್ಪ. ಕೆಂಪು ವೈನಿಗೆ ಬಣ್ಣ ಬರುವುದೂ ಒಗರು ಬರುವುದೂ ಸಿಪ್ಪೆಯಿಂದ, ಹಾಗಾಗಿ ರಸದ ಲೆಕ್ಕಕ್ಕೆ ಸಿಪ್ಪೆಯ ಪಾಲು ಜಾಸ್ತಿ ಇರಲಿ ಅಂತಲೇ ಆ ತಳಿಗಳನ್ನು ಆರಿಸಿ ಬೆಳೆಸಿಕೊಂಡು ಬಂದಿದ್ದಾರೆ. ಅದನ್ನು ಸಂತೆಯಲ್ಲಿ ಇಟ್ಟರೆ ಯಾರೂ ಕೊಳ್ಳುವುದಿಲ್ಲ. ಒಣಗಿಸಿದರೆ ಹಲ್ಲಿಗೆ ಬೀಜ ಸಿಗುವ ಒಣದ್ರಾಕ್ಷಿ, ಅದಕ್ಕೂ ಮಾರುಕಟ್ಟೆ ಇಲ್ಲ. ತಗೊಂಡರೆ ಕಾರ್ಖಾನೆಯವನು ತಗೋಬೇಕು, ಅದೂ ಆ ವಾರದಲ್ಲೇ ತಗೋಬೇಕು.

ಇದು ನನ್ನ ಊಹೆ ಅಲ್ಲ. ಮಹಾರಾಷ್ಟ್ರದಲ್ಲಿ ಈ ಬೆಳೆ ಹೇಗೆ ಬೆಳೆಯಿತು, ಹೇಗೆ ಬಿತ್ತು, ಮತ್ತೆ ಹೇಗೆ ಎದ್ದಿತು ಅಂತ ನೋಡಿದರೆ ಅಲ್ಲೇ ಕಾಣುತ್ತದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಕಡೆ ವೈನ್ ಅಂದರೆ ಬಹಳ ವರ್ಷ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನೇ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಆ ಕಪ್ಪು ಹಣ್ಣು ತಿನ್ನಲಿಕ್ಕೂ ಆಗುತ್ತದೆ, ಜ್ಯೂಸಿಗೂ ಆಗುತ್ತದೆ, ವೈನಿಗೂ ಆಗುತ್ತದೆ. ಯುರೋಪಿನ ವೈನ್ ತಳಿಗಳು ಬಂದು ನೆಲೆ ನಿಂತಿದ್ದು 1980ರ ದಶಕದಲ್ಲಿ. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಶಾಮ್ ಚೌಗುಲೆ ಅವರ ಇಂಡೇಜ್ ಶುರುವಾಯಿತು, ಫ್ರೆಂಚ್ ತಜ್ಞರ ನೆರವಿನಿಂದ ಶಾಂಪೇನ್ ಥರದ ನೊರೆ ವೈನ್ ಮಾಡಿದರು. ಅತ್ತ ನಂದಿಬೆಟ್ಟದ ಬುಡದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ತೋಟ ಮಾಡಿದರು, 1992ರಲ್ಲಿ ಅವರ ಮೊದಲ ವೈನ್ ಬಂತು. ನಾಸಿಕದಲ್ಲಿ ರಾಜೀವ್ ಸಾಮಂತ್ ಅಮೆರಿಕದಿಂದ ಬಂದು 1997ರಲ್ಲಿ ಸುಲಾ ತೋಟಕ್ಕೆ ಬಳ್ಳಿ ಹಚ್ಚಿದರು, 2000ದಲ್ಲಿ ಸೋವಿನ್ಯೋ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಅನ್ನುವ ಎರಡು ಬಿಳಿ ವೈನ್ ಹೊರತಂದರು. ಇಲ್ಲಿ ಒಂದು ಮಾತು ಗಮನಿಸಿ. ಈ ಮೂವರೂ ತಮ್ಮ ಕಾರ್ಖಾನೆಗೆ ಬೇಕು ಅಂತ ಬಳ್ಳಿ ಹಚ್ಚಿದವರು. ಅವರಿಗೆ ಗಿರಾಕಿ ಅವರೇ.

ರೈತ ಇದರೊಳಗೆ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು 2001ರ ನಂತರ. ಆ ವರ್ಷ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆ ನೀತಿ ತಂದಿತು. ರಾಜ್ಯದ ದ್ರಾಕ್ಷಿಯಿಂದ ಮಾಡಿದ ವೈನಿಗೆ ಅಬಕಾರಿ ಸುಂಕ ಮಾಫಿ ಆಯಿತು. ಲೈಸೆನ್ಸ್ ಸುಲಭ ಆಯಿತು. ನಾಸಿಕ ಜಿಲ್ಲೆಯ ವಿಂಚೂರಿನಲ್ಲಿ ಒಂದು ವೈನ್ ಪಾರ್ಕ್, ನಮ್ಮ ಸಾಂಗ್ಲಿ ಜಿಲ್ಲೆಯ ಪಲುಸ್‌ನಲ್ಲಿ ಇನ್ನೊಂದು. ಹತ್ತಾರು ಹೊಸ ವೈನರಿಗಳು, ಅಂದರೆ ವೈನ್ ಕಾರ್ಖಾನೆಗಳು, ಎದ್ದವು. ಬ್ಯಾಂಕು ಸಾಲ ಕೊಟ್ಟವು. ಪತ್ರಿಕೆಗಳು ಬರೆದವು. ಥಾಮ್ಸನ್ ಬೆಳೆಯುವವನು ಕಾಳು ದಪ್ಪ ಮಾಡುವ ಜಿಬ್ಬರಲಿಕ್ ಆಮ್ಲದಲ್ಲಿ ಗೊಂಚಲು ಅದ್ದಬೇಕು, ಕಾಳು ಬಿಡಿಸಬೇಕು, 18 ಮಿಲಿಮೀಟರ್ ದಪ್ಪ ಬರಿಸಬೇಕು, ಆಳು ಸಿಗದೆ ಒದ್ದಾಡಬೇಕು. ವೈನ್ ದ್ರಾಕ್ಷಿಗೆ ಅದಾವುದೂ ಬೇಡ, ಖರ್ಚು ಕಮ್ಮಿ, ಮೇಲೆ ದರದ ಭರವಸೆ. ಯಾರಿಗೆ ಬೇಡ ಅನಿಸುತ್ತದೆ ಹೇಳಿ? ರೈತರು ಹಚ್ಚಿದರು.

ಆಮೇಲೆ 2008 ಬಂತು. ಜಗತ್ತಿನ ಹಣಕಾಸು ಕುಸಿಯಿತು. ಅದೇ ನವೆಂಬರಲ್ಲಿ ಮುಂಬೈ ಮೇಲೆ ದಾಳಿ ಆಯಿತು, ಪ್ರವಾಸಿಗರು ಬರುವುದು ನಿಂತಿತು, ದೊಡ್ಡ ಹೋಟೆಲುಗಳು ಖಾಲಿ. ಮುಂಬೈಯ ಹೋಟೆಲ್ ಖಾಲಿ ಆದರೆ ಪಲುಸ್‌ನ ರೈತನಿಗೆ ಏನು ಅಂತೀರಾ? ನಮ್ಮ ದೇಶದಲ್ಲಿ ವೈನ್ ಕುಡಿಯುವವರು ಮುಂಬೈ, ಪುಣೆ, ದೆಹಲಿ, ಬೆಂಗಳೂರು, ಗೋವಾ ಅಂತ ಬೆರಳೆಣಿಕೆಯ ಊರುಗಳಲ್ಲಿ ಇದ್ದಾರೆ. ಅಲ್ಲಿ ಬಾಟಲಿ ಹೋಗಲಿಲ್ಲ ಅಂದರೆ ಕಾರ್ಖಾನೆಯ ಟ್ಯಾಂಕಿನಲ್ಲಿ ಹೋದ ವರ್ಷದ ವೈನ್ ಹಾಗೇ ಕೂತಿರುತ್ತದೆ. ಟ್ಯಾಂಕು ಖಾಲಿ ಇಲ್ಲ ಅಂದರೆ ಈ ವರ್ಷದ ಹಣ್ಣು ಸುರಿಯುವುದು ಎಲ್ಲಿಗೆ? ಕಾರ್ಖಾನೆಯವನು ಇವತ್ತು ನಾಳೆ ಅನ್ನುತ್ತಾನೆ. ಫೆಬ್ರುವರಿ ಮಾರ್ಚಿನ ಬಿಸಿಲಲ್ಲಿ ಹಣ್ಣು ಕಾಯುವುದಿಲ್ಲ. ಸಿಹಿ 24 ಬ್ರಿಕ್ಸ್ (ರಸದ ಸಿಹಿ ಅಳೆಯುವ ಮಾನ) ದಾಟಿ ಓಡುತ್ತದೆ, ಹುಳಿ ಇಳಿಯುತ್ತದೆ, ಕಾಳು ಸುಕ್ಕುಗಟ್ಟುತ್ತದೆ, ತೂಕ ಹೋಗುತ್ತದೆ. ರೈತನಿಗೆ ದುಡ್ಡು ಕಿಲೋ ಲೆಕ್ಕದಲ್ಲಿ. ಕೊನೆಗೆ ಲಾರಿ ಬಂದರೂ, ಗುಣಮಟ್ಟ ಇಲ್ಲ ಅಂತ ದರ ಮುರಿಯುತ್ತಾರೆ. ಆ ಎರಡು ಮೂರು ವರ್ಷ ನಾಸಿಕದಲ್ಲಿ, ನಮ್ಮ ಸಾಂಗ್ಲಿ ಕಡೆ, ಎಷ್ಟೋ ರೈತರು ವೈನ್ ಬಳ್ಳಿಯನ್ನು ಕಡಿದು ಹಾಕಿದರು, ಇಲ್ಲವೇ ಅದೇ ಬುಡದ ಮೇಲೆ ತಿನ್ನುವ ತಳಿಯ ಕಸಿ ಕಟ್ಟಿದರು. ಆ ಕಾಲದ ದೊಡ್ಡ ಕಂಪನಿಯೊಂದು ಸಾಲದಲ್ಲಿ ಮುಳುಗಿತು. 2009ರ ನವೆಂಬರಲ್ಲಿ ಫಯಾನ್ ಚಂಡಮಾರುತದ ಅಕಾಲ ಮಳೆ ಬೇರೆ ಬಂದು ಹೂಬಿಟ್ಟ ತೋಟಗಳಿಗೆ ಡೌನಿ ಅನ್ನುವ ಬೂಷ್ಟು ರೋಗ ಹತ್ತಿಸಿ ಹೋಯಿತು. ಬಳ್ಳಿಯ ಬುಡಕ್ಕೆ ಕೊಡಲಿ ಹಾಕುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ಸಾಲ ಇನ್ನೂ ತೀರಿರುವುದಿಲ್ಲ.

ಇದನ್ನು ನಿಮ್ಮನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ. ಆಮೇಲೆ ಈ ಉದ್ಯಮ ಮತ್ತೆ ಎದ್ದಿತು. ವೈನರಿಗಳ ಸಂಖ್ಯೆ ಕಮ್ಮಿ ಆಯಿತು, ಉಳಿದವು ದೊಡ್ಡವಾದವು. ರೈತನ ಜೊತೆ ಬಹಳ ವರ್ಷಗಳ ಕರಾರು ಮಾಡಿಕೊಳ್ಳುವ ಪದ್ಧತಿ ಗಟ್ಟಿ ಆಯಿತು. ನೂರು ರೂಪಾಯಿಗೆ 20 ರೂಪಾಯಿಯಂತೆ ಇದ್ದ ವ್ಯಾಟ್ ಅನ್ನುವ ಮಾರಾಟ ತೆರಿಗೆಯಲ್ಲಿ 16 ರೂಪಾಯಿ ವೈನರಿಗೆ ವಾಪಸ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತು. 2022ರ ಡಿಸೆಂಬರಲ್ಲಿ ಸುಲಾ ಷೇರು ಮಾರುಕಟ್ಟೆಗೇ ಬಂತು. ಬಿದ್ದ ಮೇಲೆ ಉಳಿದುಕೊಂಡ ರೈತರು ಯಾರು ಅಂತ ನೋಡಿ. ಕೈಯಲ್ಲಿ ಕರಾರು ಇದ್ದವರು, ಕಾರ್ಖಾನೆಗೆ ಹತ್ತಿರ ಇದ್ದವರು, ಇಡೀ ಹೊಲಕ್ಕೆ ಅದನ್ನೇ ಹಚ್ಚದೆ ಒಂದು ಪಾಲು ಮಾತ್ರ ಹಚ್ಚಿದವರು.

ಈಗ ತಳಿಗೆ ಬರೋಣ. ಇದು ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಜಾಸ್ತಿ ಮಾತಾಡಿದರೆ ತಡೆದುಕೊಳ್ಳಿ.

ಫ್ರಾನ್ಸಿನಲ್ಲಿ, ಇಟಲಿಯಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ವರ್ಷಕ್ಕೆ ಒಂದೇ ಕತ್ತರಿ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ನಾವು ಎರಡು ಸಲ ಚಾಟ್ನಿ, ಅಂದರೆ ಕತ್ತರಿ, ಮಾಡುತ್ತೇವೆ. ಏಪ್ರಿಲಲ್ಲಿ ಖರಡ ಚಾಟ್ನಿ, ಅಕ್ಟೋಬರಲ್ಲಿ ಹಣ್ಣಿನ ಚಾಟ್ನಿ. ಏಪ್ರಿಲ್ ಚಾಟ್ನಿ ಆದ ಮೇಲಿನ 40ರಿಂದ 60 ದಿನದ ಬಿಸಿಲಲ್ಲೇ ಕಾಡಿಯ (ಬಳ್ಳಿಯ ಕಡ್ಡಿ) ಕಣ್ಣಿನೊಳಗೆ ಮುಂದಿನ ಗೊಂಚಲು ಕೂರುತ್ತದೆ. ಆಗ ಮೋಡ ಮುಚ್ಚಿಕೊಂಡರೆ ಅಕ್ಟೋಬರಲ್ಲಿ ಕಣ್ಣು ಒಡೆದರೂ ಹಣ್ಣು ಇಲ್ಲ, ಬರೀ ಎಲೆ ತಪ್ಪಲು. ಇದೆಲ್ಲ ನಿಮಗೆ ಗೊತ್ತು. ನಾನು ಹೇಳಬೇಕಾದದ್ದು ಇದರ ಮುಂದಿನ ಮಾತು.

ಯುರೋಪಿನಲ್ಲಿ ಹಣ್ಣು ಮಾಗುವುದು ಸೆಪ್ಟೆಂಬರ್, ಅಕ್ಟೋಬರಲ್ಲಿ. ಅಲ್ಲಿ ಅದು ದಿನದಿನಕ್ಕೆ ತಂಪು ಏರುವ ಕಾಲ. ಸಿಹಿ ನಿಧಾನ ಏರುತ್ತದೆ, ಹುಳಿ ನಿಧಾನ ಇಳಿಯುತ್ತದೆ, ಅಷ್ಟರಲ್ಲಿ ಸಿಪ್ಪೆ, ಬೀಜ, ಪರಿಮಳ ಎಲ್ಲ ಒಟ್ಟಿಗೆ ಹದಕ್ಕೆ ಬರುತ್ತವೆ. ನಮ್ಮಲ್ಲಿ ಹಣ್ಣು ಮಾಗುವುದು ಫೆಬ್ರುವರಿ, ಮಾರ್ಚಲ್ಲಿ. ಇಲ್ಲಿ ಅದು ದಿನದಿನಕ್ಕೆ ಕಾವು ಏರುವ ಕಾಲ. ಕಾವಿಗೆ ಬಳ್ಳಿ ತನ್ನ ಹುಳಿಯನ್ನು, ಅದರಲ್ಲೂ ಮ್ಯಾಲಿಕ್ ಆಮ್ಲವನ್ನು, ತಾನೇ ಉರಿಸಿಕೊಂಡು ಬಿಡುತ್ತದೆ. ಸಿಹಿ ಬಂತು ಅಂತ ಅಳತೆ ತೋರಿಸುತ್ತದೆ, ಆದರೆ ಸಿಪ್ಪೆ ಇನ್ನೂ ಹಸಿ. ಸಿಪ್ಪೆ ಹದಕ್ಕೆ ಬರಲಿ ಅಂತ ಕಾದರೆ ಹುಳಿ ಮಾಯ. ಹುಳಿ ಇಲ್ಲದ ವೈನ್ ಸಪ್ಪೆ, ಬೇಗ ಕೆಡುತ್ತದೆ. ವೈನರಿಯವರು ಟಾರ್ಟಾರಿಕ್ ಆಮ್ಲ ಸೇರಿಸಿ ಸರಿ ಮಾಡುತ್ತಾರೆ, ಆದರೆ ಬಳ್ಳಿಯಲ್ಲೇ ಉಳಿದ ಹುಳಿಗೆ ಅದು ಸಮ ಅಲ್ಲ. ನಮ್ಮ ತಳಿಗಳ ಕಥೆ ಪೂರ್ತಿ ಈ ಒಂದು ಜಗ್ಗಾಟದ ಕಥೆ.

ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ನೋಡಿದರೆ ಯಾವ ತಳಿ ಯಾಕೆ ಹಬ್ಬಿತು ಅನ್ನುವುದು ಅರ್ಥ ಆಗುತ್ತದೆ. ಶೆನಿನ್ ಬ್ಲಾಂಕ್ ಫ್ರಾನ್ಸಿನ ಲೂಆರ್ ನದಿ ಕಡೆಯ ತಳಿ, ದಕ್ಷಿಣ ಆಫ್ರಿಕದಲ್ಲಿ ಬಹಳ ಇದೆ. ಕಾವಿನಲ್ಲೂ ಹುಳಿ ಹಿಡಿದುಕೊಳ್ಳುವ ಗುಣ ಅದಕ್ಕಿದೆ, ಫಸಲೂ ಚೆನ್ನಾಗಿ ಬರುತ್ತದೆ. ಅದಕ್ಕೇ ಮಹಾರಾಷ್ಟ್ರದ ಬಿಳಿ ತಳಿಗಳಲ್ಲಿ ಅದು ಊರೂರಿಗೆ ಹಬ್ಬಿತು. ಸೋವಿನ್ಯೋ ಬ್ಲಾಂಕ್ ಪರಿಮಳದ ತಳಿ, ಆದರೆ ಕಾವು ಕಂಡರೆ ಪರಿಮಳ ಕಳೆದುಕೊಳ್ಳುತ್ತದೆ. ನಾಸಿಕ, ನಿಫಾಡ, ದಿಂಡೋರಿ ಕಡೆ ಚಳಿಗಾಲದ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಅಲ್ಲಿ ಅದು ನಿಂತಿತು. ನಮ್ಮ ಜತ್, ಅಕ್ಕಲಕೋಟ, ಮಂಗಳವೇಢೆಯ ಕಾವಿಗೆ ಅದನ್ನು ನಾನು ಸುಮ್ನೆ ಹಚ್ಚಿ ನೋಡಿ ಅಂತ ಹೇಳುವುದಿಲ್ಲ.

ಕೆಂಪಿನಲ್ಲಿ ಶಿರಾಝ್ ಗಟ್ಟಿ ಆಸಾಮಿ. ಬಿಸಿಲು ತಡೆಯುತ್ತದೆ, ಬಣ್ಣ ಕೊಡುತ್ತದೆ, ವೈನರಿಯವರಿಗೂ ಮಾರಲು ಸುಲಭ. ಕ್ಯಾಬರ್ನೆ ಸೋವಿನ್ಯೋನ್ ಹೆಸರು ದೊಡ್ಡದು, ಆದರೆ ನಿಧಾನ ಮಾಗುವ ತಳಿ. ಅವಸರದಲ್ಲಿ ಕಿತ್ತರೆ ವೈನಿನಲ್ಲಿ ಹಸಿ ಡೊಣ್ಣೆಮೆಣಸಿನಕಾಯಿ ವಾಸನೆ ಬರುತ್ತದೆ. ಜಿನ್‌ಫ್ಯಾಂಡೆಲ್ ಕ್ಯಾಲಿಫೋರ್ನಿಯದ ಕಡೆಯಿಂದ ಬಂತು. ಒಂದೇ ಗೊಂಚಲಲ್ಲಿ ಅರ್ಧ ಕಾಳು ಒಣಗಿರುತ್ತದೆ, ಅರ್ಧ ಇನ್ನೂ ಮಾಗಿರುವುದಿಲ್ಲ, ಕೀಳುವ ದಿನ ಗೊತ್ತು ಮಾಡುವುದೇ ತಲೆನೋವು. ಪೀನೋ ನ್ವಾರ್ ಚಳಿಯ ತಳಿ, ನಮಗೆ ಅಲ್ಲ. ವಿಯೋನಿಯೆ, ಮಾಲ್ಬೆಕ್, ಟೆಂಪ್ರನಿಯೋ, ಗ್ರೆನಾಶ್ ಎಲ್ಲ ನಾಸಿಕದಲ್ಲಿ ಸಣ್ಣ ಸಣ್ಣ ತುಂಡುಗಳಲ್ಲಿ ಇವೆ. ಅವು ವೈನರಿಗಳ ಪ್ರಯೋಗ, ಆ ಖರ್ಚು ಅವರೇ ಹೊರಲಿ.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ನಾಸಿಕ ಅಲ್ಲ, ಅಕಲೂಜ. ಪಕ್ಕದ ಸೋಲಾಪುರ ಜಿಲ್ಲೆಯ ಊರು, ನಮ್ಮಂಥದೇ ಬಿಸಿಲು, ಕಬ್ಬಿನ ನಾಡು. ಅಲ್ಲಿ ಮೋಹಿತೆ ಪಾಟೀಲ ಮನೆತನದ ಸಹೋದರರು, ದೆಹಲಿಯ ಸೇಖ್ರಿ ಸಹೋದರರು, ಇಟಲಿಯ ಸೆಕ್ಕಿ ಸಹೋದರರು ಸೇರಿ ಫ್ರಾಟೆಲ್ಲಿ ಅಂತ ವೈನರಿ ಕಟ್ಟಿದರು. ಟಸ್ಕನಿ ಕಡೆಯ ಪಿಯೆರೋ ಮಾಸಿ ಅನ್ನುವ ವೈನ್ ತಜ್ಞರನ್ನು ಕರೆತಂದರು. ಅವರು ತಂದ ತಳಿಗಳಲ್ಲಿ ಸ್ಯಾಂಜೋವೇಸೆ ಮುಖ್ಯ. ಇದು ಇಟಲಿಯ ಟಸ್ಕನಿಯ ತಳಿ, ಹುಳಿ ಸಹಜವಾಗಿ ಜಾಸ್ತಿ. ಎಲ್ಲರೂ ಫ್ರೆಂಚ್ ತಳಿ ಹಚ್ಚುತ್ತಿದ್ದಾಗ ಹುಳಿ ಇಳಿಯುವ ನೆಲಕ್ಕೆ ಹುಳಿ ಜಾಸ್ತಿ ಇರುವ ತಳಿ ತರುವುದು ನನ್ನ ಮಟ್ಟಿಗೆ ಬಹಳ ಜಾಣ ಲೆಕ್ಕ. ವೈನ್ ಅಂದರೆ ನಾಸಿಕ ಒಂದೇ ಅನ್ನುತ್ತಿದ್ದವರಿಗೆ ಅಕಲೂಜ ಉತ್ತರ ಕೊಟ್ಟಿತು. ಕೃಷ್ಣಾ ಭೀಮಾ ಸೀಮೆಯ ನಮ್ಮ ನೆಲದ ಮೇಲೆ ನನಗೆ ನಂಬಿಕೆ ಬಂದಿದ್ದು ಆ ತೋಟದಿಂದ.

ಬುಡದ ಬಗ್ಗೆಯೂ, ಅಂದರೆ ಯಾವ ಬೇರಿನ ಗಿಡದ ಮೇಲೆ ಕಸಿ ಕಟ್ಟಬೇಕು ಅನ್ನುವ ಬಗ್ಗೆಯೂ, ಹೇಳಿಬಿಡುತ್ತೇನೆ. ನೀವೆಲ್ಲ ಹಚ್ಚುವುದು ಡಾಗ್ರಿಜ್ ಬುಡ. ಬರ ತಡೆಯುತ್ತದೆ, ಉಪ್ಪು ನೀರು ತಡೆಯುತ್ತದೆ, ಬೋರ್‌ವೆಲ್ ನೀರಿನ ಈ ಭಾಗಕ್ಕೆ ಅದು ವರವೇ. ಆದರೆ ಅದು ಬಳ್ಳಿಗೆ ಬಹಳ ಜೋರು ಕೊಡುತ್ತದೆ. ತಿನ್ನುವ ದ್ರಾಕ್ಷಿಗೆ ನಡೆಯುತ್ತದೆ. ವೈನ್ ಬಳ್ಳಿಗೆ ಅಷ್ಟು ಜೋರು ಬೇಡ. ತಪ್ಪಲು ದಟ್ಟ ಆದರೆ ಒಳಗೆ ಗಾಳಿ ಆಡುವುದಿಲ್ಲ, ಭೂರಿ (ಬೂದಿ) ರೋಗ ಹತ್ತುತ್ತದೆ, ಗೊಂಚಲಿಗೆ ಬೆಳಕು ಬೀಳದೆ ಬಣ್ಣ ಬರುವುದಿಲ್ಲ. ಅದಕ್ಕೆ ಪುಣೆ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ವೈನಿಗೆ 110ಆರ್ ಥರದ ಬುಡ ನೋಡಿ ಅನ್ನುತ್ತಾರೆ. 140 ರಗ್ಗೇರಿ, 1103 ಪಾಲ್ಸನ್ ಕೂಡ ಇವೆ. ಹಚ್ಚುವ ಮುಂಚೆ ನಿಮ್ಮ ಬೋರಿನ ನೀರು ಪರೀಕ್ಷೆ ಮಾಡಿಸಿ. ಮೈಸಾಳ ಏತ ನೀರಾವರಿ ಯೋಜನೆಯ ನೀರು ಬಂದ ಊರಿಗೂ ಬರದ ಊರಿಗೂ ಒಂದೇ ಬುಡ ಅಂತ ಹೇಳಲಾಗುವುದಿಲ್ಲ.

ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು. ಸಿದ್ಧರಾಮೇಶ್ವರರ ಸೀಮೆಯವರು ನಾವು, ಕುಡಿಯುವುದಕ್ಕೆ ಬೆಳೆ ಬೆಳೆಯುವುದು ಸರಿಯಾ ಅಂತ. ಒಳ್ಳೆಯ ಪ್ರಶ್ನೆ, ಅದನ್ನು ಹಾರಿಸಿ ಹೋಗುವುದು ತಪ್ಪು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಮಂತ್ರಿ ಮಂಡಲ ಸೂಪರ್ ಮಾರ್ಕೆಟಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಾಗ ಅಣ್ಣಾ ಹಜಾರೆ ಅವರಿಂದ ಹಿಡಿದು ಬಹಳ ಜನ ಇದನ್ನೇ ಕೇಳಿದರು. ಆ ತೀರ್ಮಾನ ಜಾರಿಗೆ ಬರದೆ ನಿಂತಿತು. ನನ್ನ ಉತ್ತರ ಇಷ್ಟೇ. ಮನಸ್ಸು ಒಪ್ಪದವರು ಬೆಳೆಯಬೇಡಿ, ಅದರಲ್ಲಿ ನಷ್ಟ ಏನೂ ಇಲ್ಲ, ನಮ್ಮ ದೇಶದ ದ್ರಾಕ್ಷಿಯಲ್ಲಿ ವೈನಿಗೆ ಹೋಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಬಣ್ಣದ ದ್ರಾಕ್ಷಿ ಬೇಕು, ವೈನ್ ಬೇಡ ಅನ್ನುವವರಿಗೆ ಅದೇ ಮಾಂಜರಿ ಕೇಂದ್ರದ ಮಾಂಜರಿ ಮೇಡಿಕಾ ಅನ್ನುವ ಜ್ಯೂಸ್ ತಳಿ ಇದೆ, ತಿರುಳೂ ಕೆಂಪು. ಆದರೆ ಅಲ್ಲಿಯೂ ನನ್ನ ಪ್ರಶ್ನೆ ಬದಲಾಗುವುದಿಲ್ಲ. ಜ್ಯೂಸ್ ಕಾರ್ಖಾನೆ ಯಾವುದು, ಎಲ್ಲಿದೆ?

ಇನ್ನು ಗಡಿಯ ಮಾತು. ನಮ್ಮ ಹೊಲ ಮಹಾರಾಷ್ಟ್ರದಲ್ಲಿ, ಬೀಗರು, ಸಂತೆ, ಭಾಷೆ ವಿಜಯಪುರದ ಕಡೆ. ಆ ಕಡೆ ಕರ್ನಾಟಕ 2007ರಲ್ಲಿ ತನ್ನದೇ ವೈನ್ ನೀತಿ ಮಾಡಿತು, ವೈನ್ ಮಂಡಳಿ ಮಾಡಿತು. ಹಣ್ಣಿಗೆ ಗಡಿ ಗೊತ್ತಿಲ್ಲ, ಆದರೆ ತೆರಿಗೆಗೆ ಗೊತ್ತು. ಮಹಾರಾಷ್ಟ್ರದ ರಿಯಾಯಿತಿ ಮಹಾರಾಷ್ಟ್ರದ ದ್ರಾಕ್ಷಿಗೇ ಕಟ್ಟಿದ್ದು. ಹಾಗಾಗಿ ಈ ಕಡೆಯ ವೈನರಿಗೆ ನಮ್ಮ ತಾಲ್ಲೂಕಿನ ಉಮದಿಯ ಹಣ್ಣು ಮತ್ತು ಹತ್ತು ಹದಿನೈದು ಮೈಲಿ ಆಚೆ ಕರ್ನಾಟಕದ ಹಣ್ಣು ಒಂದೇ ಮಣ್ಣಿನದಾದರೂ ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆ. ಕರಾರು ಮಾಡಿಕೊಳ್ಳುವಾಗ ಇದು ನಮ್ಮ ಕೈಯಲ್ಲಿರುವ ಮಾತು, ಬಿಟ್ಟುಕೊಡಬೇಡಿ.

ಕರಾರಿನಲ್ಲಿ ಏನು ನೋಡಬೇಕು ಅಂತ ಕೇಳಿದಿರಿ. ದರ ಎಷ್ಟು ಅನ್ನುವುದು ಎಲ್ಲರೂ ನೋಡುತ್ತಾರೆ. ಯಾವ ಬ್ರಿಕ್ಸಿಗೆ ಆ ದರ, ಅಳೆಯುವವರು ಯಾರು, ಹೊಲದಲ್ಲೋ ಕಾರ್ಖಾನೆಯ ಗೇಟಲ್ಲೋ, ಅದು ನೋಡಿ. ಎಕರೆಗೆ ಇಷ್ಟು ಟನ್ ಮೇಲೆ ತಗೊಳ್ಳುವುದಿಲ್ಲ ಅಂತ ಮಿತಿ ಇರುತ್ತದೆ, ಯಾಕೆಂದರೆ ಬಳ್ಳಿಗೆ ಹಣ್ಣಿನ ಭಾರ ಜಾಸ್ತಿ ಆದರೆ ವೈನ್ ತೆಳ್ಳಗಾಗುತ್ತದೆ. ಥಾಮ್ಸನ್ನಿನ ಫಸಲಿನ ಲೆಕ್ಕ ಹಾಕಿಕೊಂಡು ಕೂರಬೇಡಿ. ಎಲ್ಲಕ್ಕಿಂತ ಮುಖ್ಯ, ಕೀಳುವ ದಿನ ಹೇಳಿ ಅವರು ಲಾರಿ ಕಳಿಸದಿದ್ದರೆ ಆ ದಿನಗಳ ತೂಕದ ನಷ್ಟ ಯಾರದು ಅನ್ನುವುದು ಬರವಣಿಗೆಯಲ್ಲಿ ಇರಬೇಕು. 2009ರಲ್ಲಿ ಕಡಿದ ಬಳ್ಳಿಗಳ ಎಷ್ಟೋ ಮಾಲೀಕರ ಕಾಗದದಲ್ಲಿ ಆ ಒಂದು ಸಾಲು ಇರಲಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಹುಡುಗನದು. ವೈನರಿಯವರು ಮೊದಲು ಬಳ್ಳಿ ಹಚ್ಚಿ, ಆಮೇಲೆ ಕರಾರು ಅನ್ನುತ್ತಾರೆ, ನೀವು ಮೊದಲು ಕರಾರು ಅನ್ನುತ್ತೀರಿ, ನಾನೇನು ಮಾಡಲಿ ಅಂತ. ಅದಕ್ಕೆ ನಮ್ಮ ಪದ್ಧತಿಯಲ್ಲೇ ದಾರಿ ಇದೆ. ನಾವು ಬುಡ ಹಚ್ಚುವುದು ಫೆಬ್ರುವರಿ, ಮಾರ್ಚಲ್ಲಿ. ಕಸಿ ಕಟ್ಟುವುದು ಸೆಪ್ಟೆಂಬರ್, ಅಕ್ಟೋಬರಲ್ಲಿ. ನಡುವೆ ಆರೇಳು ತಿಂಗಳು ಬಳ್ಳಿಗೆ ಜಾತಿಯೇ ಇಲ್ಲ, ಅದು ಬರೀ ಬುಡ. ವೈನ್ ತಳಿಗೂ ತಿನ್ನುವ ತಳಿಗೂ ನಡೆಯುವ 110ಆರ್ ಹಚ್ಚಿ, ಸಾಲಿನ ಅಂತರ ಟ್ರ್ಯಾಕ್ಟರ್ ಓಡಾಡುವಷ್ಟು ಇಡಿ, ಕಂಬ ತಂತಿಯ ದೊಡ್ಡ ಖರ್ಚಿಗೆ ಅವಸರ ಬೇಡ. ಆ ತಿಂಗಳುಗಳಲ್ಲಿ ವೈನರಿಗೆ ಓಡಾಡಿ, ಕರಾರಿನ ಕರಡು ತರಿಸಿ, ನಾಲ್ಕು ಜನ ಸೇರಿ ಓದಿಸಿ. ಒಬ್ಬನೇ ಹೋಗುವುದಕ್ಕಿಂತ ಅಕ್ಕಪಕ್ಕದ ಹೊಲದವರು ಕೂಡಿ ಹೋದರೆ ಲಾರಿ ತುಂಬುವಷ್ಟು ಹಣ್ಣು ಒಂದೇ ಕಡೆ ಸಿಗುತ್ತದೆ ಅಂತ ಅವರೂ ಮಾತು ಕೇಳುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಸಹಿ ಬಿದ್ದಿದ್ದರೆ ಅವರು ಕೇಳಿದ ತಳಿಯ ಕಡ್ಡಿ ತಂದು ಕಸಿ ಕಟ್ಟಿ. ಸಹಿ ಬೀಳಲಿಲ್ಲ ಅಂದರೆ ಅದೇ ಬುಡದ ಮೇಲೆ ಥಾಮ್ಸನ್ ಕಟ್ಟಿ, ಬೇದಾಣೆ ಶೆಡ್ ಹೇಗೂ ಇದೆಯಲ್ಲ.